ಹೂಫ್‌ಡಾರ್ಪಿನಿಂದ ಹೊರಟ ಹಡಗು

ಅಕ್ಬರ್ ತನ್ನ ಜೀವಮಾನದಲ್ಲಿ ಹೇಳಿದ ಅತಿ ದೊಡ್ಡ ಸುಳ್ಳಿಗೆ ಹದಿನೆಂಟು ಅಂತಸ್ತು, ಮೂರು ಈಜುಕೊಳ ಮತ್ತು ಒಂದು ಗಾಜಿನ ಲಿಫ್ಟು ಇದ್ದವು. ಕೆರಿಬಿಯನ್ ಸಮುದ್ರದಲ್ಲಿ ಅದು ಹತ್ತು ದಿನ ಓಡಿತು. ಅಷ್ಟೂ ದಿನ ಅಕ್ಬರ್ ನೆದರ್ಲೆಂಡ್ಸಿನ ಹೂಫ್‌ಡಾರ್ಪಿನಲ್ಲಿ, ಮೂರನೇ ಮಹಡಿಯ ಬಾಡಿಗೆ ಮನೆಯ ಅಡುಗೆಮನೆಯಲ್ಲಿ, ಲುಂಗಿ ಉಟ್ಟು ಕೂತಿದ್ದ. ಆ ಊರು ಸಮುದ್ರಮಟ್ಟಕ್ಕಿಂತ ನಾಲ್ಕು ಮೀಟರು ಕೆಳಗಿದೆ. ಹಾಗೆ ನೋಡಿದರೆ ಅವನು ನೀರಿನ ಮಟ್ಟದಿಂದ ಮೇಲಿದ್ದದ್ದು ಎರಡು ಆಳೆತ್ತರ ಮಾತ್ರ. ಸಮುದ್ರಕ್ಕೂ ಅವನಿಗೂ ಇದ್ದ ಸಂಬಂಧ ಅಷ್ಟೇ.

ಟಿಕೆಟ್ಟು ಮಾತ್ರ ಸುಳ್ಳಲ್ಲ. ೨೦೨೦ರ ಜನವರಿಯಲ್ಲಿ ಅವನು ಹೆಂಡತಿ ಅಕೀಲಾ, ಹೆಣ್ಣುಮಕ್ಕಳು ಅಲೀಝಾ ಮತ್ತು ಕೈನಾತ್ ಸೇರಿ ನಾಲ್ವರಿಗೆ, ಮೇ ತಿಂಗಳ ಶಾಲಾ ರಜೆಗೆಂದು ಹಡಗಿನ ಪ್ರವಾಸ ಕಾದಿರಿಸಿದ್ದ. ವಿಷಯವನ್ನು ಹೆಂಡತಿಗೆ ಹೇಳುವ ಮೊದಲೇ ವಾಟ್ಸಾಪ್ ಗುಂಪಿಗೆ ಹೇಳಿದ. ಅದು ಹರಿಹರದ ಸರ್ಕಾರಿ ಹೈಸ್ಕೂಲಿನಲ್ಲಿ ಅವನ ಜೊತೆ ಓದಿದವರ ಗುಂಪು. ಜಂಬ ಕೊಚ್ಚಲು ಅದಕ್ಕಿಂತ ಒಳ್ಳೆಯ ಜಾಗ ಭೂಮಿಯ ಮೇಲೆ ಇನ್ನೊಂದಿಲ್ಲ. ಮಾನ ಕಳೆದುಕೊಳ್ಳಲೂ ಅಷ್ಟೇ. ಕೊರೊನಾ ಬಂದು, ಕಂಪನಿಯವರು ಪ್ರವಾಸವನ್ನು ಮುಂದಿನ ಮೇ ತಿಂಗಳಿಗೆ ತಳ್ಳಿದಾಗ ಗುಂಪಿಗೆ ವರ್ಷಪೂರ್ತಿ ಮೆಲ್ಲಲು ಮೇವು ಸಿಕ್ಕಿತು. ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆ ಎಂದು ಯಾರಾದರೂ ಕೇಳಿದರೆ, ಎಲೆಕ್ಟ್ರಿಕಲ್ ಅಂಗಡಿಯ ಅರವಿಂದ "ಅಕ್ಬರನ ಹಡಗು ಹೊಂಟ ಮರುದಿನ" ಎಂದು ಬರೆಯತೊಡಗಿದ.

೨೦೨೧ರ ಮಾರ್ಚಿನಲ್ಲಿ ಕಂಪನಿಯಿಂದ ಅದೇ ಮೇಲ್ ಎರಡನೆಯ ಸಲ ಬಂತು. ಈ ವರ್ಷವೂ ಇಲ್ಲ, ಕ್ಷಮಿಸಿ.

ಅರವಿಂದನ ಲೇವಡಿಯನ್ನು ಅಕ್ಬರ್ ಇನ್ನೊಂದು ವರ್ಷ ನುಂಗಿಕೊಳ್ಳಬಹುದಿತ್ತು. ತೊಂದರೆಯೆಂದರೆ ಗುಂಪಿನಲ್ಲಿ ಸೋಮಶೇಖರ ಮೇಷ್ಟ್ರೂ ಇದ್ದರು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವರು. ಅಕ್ಬರನ ಪ್ರಬಂಧಗಳನ್ನು ಬೇರೆ ತರಗತಿಗಳಿಗೆ ಒಯ್ದು ಓದಿದವರು. ಅವರು ಹಿಂದಿನ ವಾರವಷ್ಟೇ ಬರೆದಿದ್ದರು: "ಅಕ್ಬರ್, ಹಡಗಿನಿಂದ ದಿನಕ್ಕೊಂದು ಪುಟ ಬರೆದು ಕಳಿಸು. ನಾನು ಕಾರವಾರ ಬಿಟ್ಟರೆ ಬೇರೆ ಸಮುದ್ರ ಕಂಡವನಲ್ಲ." ಲೋಕದಲ್ಲಿ ಅಕ್ಬರನನ್ನು ಗಟ್ಟಿ ಮನುಷ್ಯನೆಂದು ನಂಬಿದ್ದವರು ಅವರೊಬ್ಬರೇ. ಆ ನಂಬಿಕೆ ಹೋದರೆ ತನ್ನ ಬಳಿ ಲುಂಗಿ ಬಿಟ್ಟು ಬೇರೇನೂ ಉಳಿಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಹೀಗಾಗಿ ಪ್ರವಾಸ ರದ್ದಾದದ್ದನ್ನು ಯಾರಿಗೂ ಹೇಳಲಿಲ್ಲ. ಮೇ ಒಂದನೇ ತಾರೀಕು "ಹೊರಟೆವು!" ಎಂದು ಬರೆದೇಬಿಟ್ಟ.

ಅವರ ಮನೆಮಾತು ದಖ್ನಿ. ಆದರೆ ಜಗಳ ಜೋರಾದರೆ ಗಂಡ ಹೆಂಡಿರಿಬ್ಬರೂ ಕನ್ನಡಕ್ಕೆ ಇಳಿಯುತ್ತಿದ್ದರು. ಆ ದಿನ ಅಕೀಲಾ ಕನ್ನಡದಲ್ಲೇ ಶುರು ಮಾಡಿದಳು.

"ರೀ, ಈಗ ರಂಜಾನ್ ನಡೀತಾ ಇದೆ. ಟಿಕೆಟ್ ತಗೊಳ್ಳೋವಾಗ ಯಾವ ಕ್ಯಾಲೆಂಡರ್ ನೋಡಿದ್ರಿ ನೀವು?"

"ಸ್ಕೂಲ್ ರಜಾದ್ದು."

"ಹಡಗು ನಿಂತಿದ್ದೇ ಒಳ್ಳೇದಾಯ್ತು. ಇಲ್ಲಾಂದ್ರೆ ಹಗಲೆಲ್ಲಾ ಆ ಬಫೆ ಮುಂದೆ ರೋಜಾ ಹಿಡ್ಕೊಂಡು ಕೂರ್ಬೇಕಿತ್ತು."

ಅದು ಅಕ್ಬರನಿಗೆ ಹೊಳೆದೇ ಇರಲಿಲ್ಲ. ಉಪವಾಸದ ತಿಂಗಳಲ್ಲಿ ಹೆಂಡತಿ ಮಕ್ಕಳನ್ನು ಮೂರು ಹೊತ್ತೂ ಉಣ್ಣುವ ಹಡಗಿಗೆ ಹತ್ತಿಸಲು ಹೊರಟವನು ಇಡೀ ನೆದರ್ಲೆಂಡ್ಸಿನಲ್ಲಿ ತಾನೊಬ್ಬನೇ ಇರಬೇಕು ಎಂದುಕೊಂಡ.

ಮರುದಿನ ಮೊದಲ ಪುಟ ಬರೆಯಲು ಕೂತಾಗ ಸಂಜೆ ಐದು ಗಂಟೆ. ರೋಜಾ ಬಿಡಲು ಒಂಬತ್ತು ದಾಟಬೇಕು. ವಿಮಾನಗಳಿಗೆ ಊಟ ತುಂಬುವ ಕಂಪನಿಯಲ್ಲಿ ಯಾವ ವಿಮಾನಕ್ಕೆ ಎಷ್ಟು ತಟ್ಟೆ ಎಂದು ನೋಡಿಕೊಳ್ಳುವುದು ಅಕ್ಬರನ ಕೆಲಸ. ವಿಮಾನಗಳೇ ಹಾರದೆ ವರ್ಷ ದಾಟಿದ್ದರಿಂದ ಅಷ್ಟೂ ಊಟ ಅವನ ತಲೆಯೊಳಗೇ ಕೂತಿತ್ತು. ಅದರ ಮೇಲೆ ಹೊಟ್ಟೆ ಬೇರೆ ಖಾಲಿ. ಸಮುದ್ರದ ಬಗ್ಗೆ ಎರಡು ಸಾಲು ಬರೆಯುವಷ್ಟರಲ್ಲಿ ಬರವಣಿಗೆ ತಾನಾಗಿ ಊಟದ ಮನೆಗೆ ನುಗ್ಗಿತು. ಕುರಿಯ ತೊಡೆಯನ್ನು ಇಡಿಯಾಗಿ ಸುಟ್ಟು ಕೇಳಿದಷ್ಟು ಕೊಯ್ದು ಕೊಡುವವನು, ಚೂರಿ ಇಳಿದಾಗ ಹೊರಟ ರಸ, ಅದನ್ನು ಒರೆಸಿಕೊಳ್ಳಲು ಬಿಸಿ ಬ್ರೆಡ್ಡು. ಒಂದು ಪುಟದಲ್ಲಿ ಮುಕ್ಕಾಲು ಭಾಗ ಬರೀ ತಿಂಡಿಯೇ ಆಯಿತು.

"ಪಪ್ಪಾ, ಅಲ್ಲಿ ಈಗ ಬೆಳಗಿನ ಹನ್ನೊಂದು ಗಂಟೆ," ಎಂದು ಹದಿನಾಲ್ಕರ ಅಲೀಝಾ ಹೆಗಲ ಮೇಲಿಂದ ಓದಿ ಡಚ್ಚಿನಲ್ಲಿ ಹೇಳಿದಳು. "ಹನ್ನೊಂದಕ್ಕೆ ಯಾರು ಕುರಿ ತಿಂತಾರೆ?"

ಅಕ್ಬರ್ ಅದನ್ನು ಹಿಂದಿನ ರಾತ್ರಿಯ ಊಟವೆಂದು ತಿದ್ದಿದ. ಹಡಗಿನಲ್ಲಿ ನೆಟ್ ಕಡಿಮೆ, ಫೋಟೋ ಹೋಗುವುದಿಲ್ಲ ಎಂದೂ ಸೇರಿಸಿದ. ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಒಂಬತ್ತು ವರ್ಷದ ಕೈನಾತ್, ಹಡಗಿನ ರೂಮುಗಳಲ್ಲಿ ಟವೆಲ್ ಮಡಚಿ ಪ್ರಾಣಿ ಮಾಡಿಡುತ್ತಾರೆಂದು ಯಾವುದೋ ವಿಡಿಯೋದಲ್ಲಿ ನೋಡಿ, ಹಾಸಿಗೆಯ ಮೇಲೆ ಒಂದು ಆನೆ ಮಾಡಿಟ್ಟಿದ್ದಳು. ಆನೆ ಚೆನ್ನಾಗಿತ್ತು. ಅಕ್ಬರ್ ತಡೆಯಲಾರದೆ ಅದರ ಫೋಟೋ ಕಳಿಸಿದ.

ಅರವಿಂದ ಎರಡೇ ನಿಮಿಷಕ್ಕೆ ಉತ್ತರಿಸಿದ: "ಹಡಗಿನಾಗೂ ಸೋಲಾಪುರ ಚಾದರ ಹಾಸ್ಯಾರಲ್ಲೋ!"

"ಎಕ್ಸ್‌ಪೋರ್ಟ್ ಆಗ್ತದೆ," ಎಂದು ಬರೆದ ಅಕ್ಬರ್.

"ಅದಿರ್ಲಿ, ಕುರಿ ತೊಡೆ ಅಂದ್ಯಲ್ಲ, ರೋಜಾ ಇಲ್ಲೇನು ನಿಂಗ?"

"ಪ್ರಯಾಣದಾಗ ಇರೋರಿಗೆ ವಿನಾಯ್ತಿ ಐತಿ, ಆಮೇಲೆ ಹಿಡಿಬೋದು."

ಹಿಂದೆ ನಿಂತು ಓದಿದ ಅಕೀಲಾ, "ಬಾಯಿಗೆ ಬೆಳಗಿಂದ ಒಂದು ತೊಟ್ಟು ನೀರಿಲ್ಲ, ಆದ್ರೂ ಅದ್ರೊಳಗಿಂದ ಎಷ್ಟು ಬರುತ್ತೆ ನೋಡು," ಎಂದು ಒಳಗೆ ಹೋದಳು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಗುಂಪಿನಲ್ಲಿ ನಗು ನಿಂತಿತ್ತು. ಊರಿನಲ್ಲಿ ಎರಡನೆಯ ಅಲೆ ಏರಿತ್ತು. ಒಬ್ಬನಿಗೆ ಆಕ್ಸಿಜನ್ ಸಿಲಿಂಡರ್ ಬೇಕಿತ್ತು, ಇನ್ನೊಬ್ಬನ ಅಣ್ಣನಿಗೆ ಬೆಡ್ ಸಿಕ್ಕಿರಲಿಲ್ಲ. ಕೊನೆಗೆ ಅರವಿಂದನ ಸಂದೇಶ: "ಸೋಮಶೇಖರ ಮೇಷ್ಟ್ರಿಗೂ ಪಾಸಿಟಿವ್. ದಾವಣಗೆರೆ ಆಸ್ಪತ್ರೆಗೆ ಸೇರಿಸ್ಯಾರ." ಇವೆಲ್ಲದರ ನಡುವೆ ಅಕ್ಬರನ ಕುರಿತೊಡೆ, ಸಾವಿನ ಮನೆಗೆ ದಾರಿತಪ್ಪಿ ಬಂದ ಬ್ಯಾಂಡ್‌ಸೆಟ್ಟಿನಂತೆ ನಿಂತಿತ್ತು. ಅಕ್ಬರನಿಗೆ ನಿಜಕ್ಕೂ ನಾಚಿಕೆಯಾಯಿತು. ಈ ಹಡಗನ್ನು ಇವತ್ತೇ ಮುಳುಗಿಸಬೇಕು, ಎಲ್ಲರ ಕ್ಷಮೆ ಕೇಳಬೇಕು ಎಂದು ಬರೆಯಲು ಕೂತ. ಎರಡು ಸಾಲು ಬರೆಯುವಷ್ಟರಲ್ಲಿ ಮೇಷ್ಟ್ರಿಂದಲೇ ಸಂದೇಶ ಬಂತು.

"ಅಕ್ಬರ್, ನಿನ್ನ ಪುಟ ಓದಿದೆ. ನಾನು ಕುರಿ ತಿನ್ನುವವನಲ್ಲ, ನಿನಗೆ ಗೊತ್ತು. ಪಕ್ಕದ ಹಾಸಿಗೆಯಲ್ಲಿ ಕರಿಯಪ್ಪನವರು ಅಂತ ಇದ್ದಾರೆ, ಸರ್ಕಾರಿ ಬಸ್ಸಿನ ಡ್ರೈವರಾಗಿ ನಿವೃತ್ತರಾದವರು. ಅವರಿಗೆ ಆಕ್ಸಿಜನ್ ಹಾಕಿದ್ದಾರೆ. ಇಬ್ಬರಿಗೂ ನಾಲಿಗೆಗೆ ರುಚಿ ಹೋಗಿದೆ, ಗಂಜಿಯೂ ಮಣ್ಣೂ ಒಂದೇ. ನಿನ್ನ ಪುಟವನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಬಾಯಲ್ಲಿ ನೀರು ಬಂತು ಅಂದರು. ಇವತ್ತು ಏನು ಮಾಡಿದ್ದಾರೆ? ನನ್ನಂಥವನಿಗೂ ಏನಾದರೂ ಇದ್ದರೆ ಬರಿ."

ಅಕ್ಬರ್ ಬರೆದಿದ್ದ ಎರಡು ಸಾಲನ್ನು ಅಳಿಸಿದ. ಗುಂಪು ಬಿಟ್ಟು ಮೇಷ್ಟ್ರೊಬ್ಬರಿಗೇ ಕಳಿಸಿದ ಆ ದಿನದ ಪುಟದಲ್ಲಿ ಕರಿಯಪ್ಪನವರಿಗೆ ಕೋಳಿಯನ್ನೂ ಮೇಷ್ಟ್ರಿಗೆ ಹನ್ನೆರಡು ಬಗೆಯ ಸಿಹಿಯನ್ನೂ ಬಡಿಸಿದ.

ಅಲ್ಲಿಂದ ಹಡಗು ಅವನ ಕೈಯಲ್ಲಿ ಉಳಿಯಲಿಲ್ಲ. ಕರಿಯಪ್ಪನವರಿಗೆ ಊಟದಷ್ಟೇ ಗಾಡಿಯ ಮೇಲೂ ಆಸಕ್ತಿ. ಮೇಷ್ಟ್ರ ಮೂಲಕ ದಿನಾ ಪ್ರಶ್ನೆ ಬರುತ್ತಿತ್ತು. ಸ್ಟೇರಿಂಗು ಎಷ್ಟು ದೊಡ್ಡದು? ಡ್ರೈವರಿಗೆ ಮುಂದೆ ಎಷ್ಟು ದೂರ ಕಾಣುತ್ತದೆ? ಬ್ರೇಕು ಹಾಕಿದರೆ ಎಷ್ಟು ದೂರಕ್ಕೆ ನಿಲ್ಲುತ್ತದೆ? ಅಕ್ಬರನಿಗೆ ದೋಣಿಯ ಹುಟ್ಟು ಹಿಡಿದೂ ಗೊತ್ತಿರಲಿಲ್ಲ. ಅಲೀಝಾ ತನ್ನ ಶಾಲೆಯ ಕೆಲಸ ಬದಿಗಿಟ್ಟು ಹುಡುಕಿ ಕೊಟ್ಟಳು. ಸ್ಟೇರಿಂಗು ಊಟದ ತಟ್ಟೆಯಷ್ಟೇ, ಬ್ರೇಕಂತೂ ಇಲ್ಲವೇ ಇಲ್ಲ, ನಿಲ್ಲಲು ಒಂದು ಕಿಲೋಮೀಟರಿಗೂ ಹೆಚ್ಚು ಬೇಕು ಎಂದು ಅಕ್ಬರ್ ಬರೆದ. ಕ್ಯಾಪ್ಟನ್ನೇ ಕರೆದು ತೋರಿಸಿದ ಎಂದು ತನ್ನ ಕಡೆಯಿಂದ ಒಗ್ಗರಣೆ ಹಾಕಿದ.

ಮರುದಿನ ಮೇಷ್ಟ್ರು ಬರೆದರು: "ಬ್ರೇಕಿಲ್ಲದ ಗಾಡಿಗೆ ರಸ್ತೆಗಿಳಿಯಲು ಎಫ್.ಸಿ. ಯಾರು ಕೊಟ್ಟರು ಅಂತ ಕರಿಯಪ್ಪನವರು ಕೇಳುತ್ತಿದ್ದಾರೆ. ನಗಲು ಹೋಗಿ ಕೆಮ್ಮಿದರು. ನರ್ಸು ನನಗೆ ಬೈದಳು."

ಅಕೀಲಾ ಅದನ್ನು ಓದಿ ನಕ್ಕಳು. ಆಮೇಲೆ ಕಣ್ಣು ಒರೆಸಿಕೊಂಡಳು. "ಆ ಡ್ರೈವರಣ್ಣನಿಗೆ ನಾಳೆ ಮೀನು ಮಾಡ್ಸಿ. ನೀವು ಬರೆಯೋ ಮೀನು ಸಪ್ಪೆ ಇರುತ್ತೆ, ನಾನು ಹೇಳ್ತೀನಿ, ಬರ್ಕೊಳ್ಳಿ," ಎಂದು ಹುಣಸೆ ನೆನೆಸುವುದರಿಂದ ಶುರು ಮಾಡಿದಳು. ಹಸಿದ ಇಬ್ಬರು ಅಡುಗೆಮನೆಯಲ್ಲಿ ಎದುರುಬದುರು ಕೂತು, ಕೆರಿಬಿಯನ್ ಸಮುದ್ರದ ನಡುವೆ ಹರಿಹರದ ಮೀನುಸಾರು ಕುದಿಸಿದರು. ಆ ಹಡಗಿನ ಅಡುಗೆಯವನು ಮಂಗಳೂರಿನವನೆಂದು ಅಕ್ಬರ್ ಸಮಜಾಯಿಷಿ ಕೊಟ್ಟ. ಮದುವೆಯಾಗಿ ಹದಿನಾರು ವರ್ಷದಲ್ಲಿ ಅವನ ಸುಳ್ಳೊಂದಕ್ಕೆ ಹೆಂಡತಿ ಕೈಜೋಡಿಸಿದ್ದು ಅದೇ ಮೊದಲು.

ಏಳನೆಯ ದಿನಕ್ಕೆ ಪ್ರವಾಸ ಮುಗಿಯಬೇಕಿತ್ತು. ನಾಳೆ ಇಳಿಯುತ್ತೇವೆಂದು ಅಕ್ಬರ್ ಆರನೆಯ ದಿನವೇ ಬರೆದ. "ಹಡಗು ನಾಳೆ ದಡಕ್ಕೆ ಅಂದ ಕೂಡಲೇ ಕರಿಯಪ್ಪನವರು ಆ ಕಡೆ ತಿರುಗಿ ಮಲಗಿಬಿಟ್ಟರು," ಎಂದು ಮೇಷ್ಟ್ರು ಉತ್ತರಿಸಿದರು. ಅಕ್ಬರ್ ಬಂದರಿನವರು ಅನುಮತಿ ಕೊಡಲಿಲ್ಲವೆಂದು ಹಡಗನ್ನು ಮತ್ತೆ ಸಮುದ್ರಕ್ಕೆ ತಿರುಗಿಸಿದ. ಎಂಟನೆಯ ದಿನ ಓಡಿತು, ಒಂಬತ್ತನೆಯ ದಿನ ಓಡಿತು. ಪ್ರಶ್ನೆಗಳು ಚಿಕ್ಕದಾಗುತ್ತ ಬಂದವು. ಹತ್ತನೆಯ ದಿನ ಒಂದೇ ಪ್ರಶ್ನೆ: ಗಾಳಿ ಚೆನ್ನಾಗಿದೆಯಾ ಅಂತೆ.

ಹನ್ನೊಂದನೆಯ ದಿನ ಅಕ್ಬರ್ ಬರೆಯಲು ಕೂರುವ ಮೊದಲೇ ಮೇಷ್ಟ್ರ ಸಂದೇಶವಿತ್ತು. "ಇವತ್ತು ಕಳಿಸಬೇಡ. ಕರಿಯಪ್ಪನವರು ಹೋದರು."

ಮುಖವನ್ನೇ ಕಾಣದ ಆ ಮನುಷ್ಯನಿಗಾಗಿ ಅಕ್ಬರ್ ಬಿಕ್ಕಿಬಿಕ್ಕಿ ಅತ್ತ. ಆ ದಿನ ಅವನು ಒಂದು ಖರ್ಜೂರದಲ್ಲಿ ರೋಜಾ ಬಿಟ್ಟು ಎದ್ದ. ಎರಡು ದಿನ ಬಿಟ್ಟು ಬಂದ ಈದ್ ಆ ಮನೆಯಲ್ಲಿ ಮೆಲ್ಲಗೆ ಬಂದು ಮೆಲ್ಲಗೆ ಹೋಯಿತು.

ಮೇಷ್ಟ್ರು ಗುಣವಾಗಿ ಮನೆಗೆ ಬಂದ ಸುದ್ದಿ ತಿಳಿದ ದಿನವೇ ಅಕ್ಬರ್ ಫೋನ್ ಮಾಡಿದ. ನಾಳೆಗೆ ಬಿಟ್ಟರೆ ಇನ್ನೆಂದೂ ಬಾಯಿ ಬಾರದೆಂದು ಅವನಿಗೆ ಗೊತ್ತಿತ್ತು.

"ಸಾರ್, ನಾನು ಹಡಗು ಹತ್ತಲೇ ಇಲ್ಲ. ಪ್ರವಾಸ ಮಾರ್ಚಲ್ಲೇ ಕ್ಯಾನ್ಸಲ್ ಆಗಿತ್ತು. ಎಲ್ಲಾ ಮನೇಲಿ ಕೂತು ಬರೆದಿದ್ದು."

ಮೇಷ್ಟ್ರ ಉಸಿರು ಇನ್ನೂ ಸಲೀಸಾಗಿರಲಿಲ್ಲ.

"ಬ್ರೇಕ್ ಇಲ್ಲ ಅಂದ್ಯಲ್ಲ, ಅದು?"

"ಅದು ನಿಜ ಸಾರ್. ಮಗಳು ಹುಡುಕಿ ಹೇಳಿದ್ದು."

"ನನಗೆ ಸಿಟ್ಟು ಬಂದಿದೆ ಅಕ್ಬರ್," ಎಂದರು ಮೇಷ್ಟ್ರು. "ನೀನು ನನ್ನ ಹತ್ತಿರ ಸುಳ್ಳು ಹೇಳಿದ್ದು ಹಾಗಿರಲಿ. ಸಾಯೋ ಮನುಷ್ಯನಿಗೆ ಅದನ್ನ ನನ್ನ ಬಾಯಿಂದ ಹೇಳಿಸಿದೆಯಲ್ಲ." ಸ್ವಲ್ಪ ಹೊತ್ತು ಕೆಮ್ಮಿದರು. "ಅವರ ಹೆಂಡತಿ ವಿಜಯಮ್ಮ ನಿನ್ನ ನಂಬರು ಕೇಳಿದ್ದರು, ಕೊಟ್ಟಿದ್ದೀನಿ. ಅವರಿಗೆ ಏನು ಹೇಳ್ತೀಯೋ ನಿನಗೆ ಬಿಟ್ಟಿದ್ದು." ಫೋನು ಇಟ್ಟರು.

ಯಾವ ನಂಬಿಕೆಯನ್ನು ಕಾಪಾಡಿಕೊಳ್ಳಲು ಇಷ್ಟೆಲ್ಲ ಮಾಡಿದನೋ, ಅದೇ ಹೋಯಿತು ಎಂದುಕೊಂಡು ಅಕ್ಬರ್ ಬಹಳ ಹೊತ್ತು ಅಲ್ಲೇ ಕೂತಿದ್ದ. ಅಕೀಲಾ ಚಹಾ ತಂದಿಟ್ಟಳು.

ವಿಜಯಮ್ಮನ ಫೋನು ಭಾನುವಾರ ಬೆಳಿಗ್ಗೆ ಬಂತು.

"ನಾನ್ರೀ, ಕರಿಯಪ್ಪನೋರ ಮನೆಯಾಕಿ," ಎಂದಿತು ನಿಧಾನದ ದನಿ. "ಆಸ್ಪತ್ರಿ ಒಳಗ ನನ್ನ ಬಿಡ್ಲಿಲ್ರೀ. ದಿನಾ ಫೋನಿನಾಗೇ ಮಾತು. ಬರೇ ನಿಮ್ಮ ಹಡಗಿನ ಸುದ್ದಿ. ಇವತ್ತು ಮೀನು ಕೊಟ್ರು, ಇವತ್ತು ಸ್ಟೇರಿಂಗ್ ತೋರ್ಸಿದ್ರು ಅನ್ನೋರು. ನಲವತ್ತು ವರ್ಷ ಡ್ಯೂಟಿ ಮುಗಿಸಿ ಬಂದ್ರೆ ಉಂಡು ಮಲಗೋರು, ಮಾತೇ ಇಲ್ಲ. ನನ್ನ ಕೂಡ ಅಷ್ಟು ಮಾತಾಡಿದ್ದು ಆ ಹತ್ತು ದಿನಾನೇ." ಅವರು ಮೂಗು ಸೀಟಿಕೊಂಡರು. "ಆ ಹಡಗಿಂದು ಒಂದು ಫೋಟೋ ಇದ್ರ ಕಳಿಸ್ರಿ. ಅವರ ಫೋಟೋದ ಪಕ್ಕ ಹಾಕಿಸ್ತೀನಿ."

ಅಂತರ್ಜಾಲದಲ್ಲಿ ಅಂಥ ಫೋಟೋ ಸಾವಿರವಿದ್ದವು. ಒಂದನ್ನು ಕಳಿಸಲು ಅರ್ಧ ನಿಮಿಷ ಸಾಕಿತ್ತು. ಪುಣ್ಯದ ಕೆಲಸವೆಂದು ಹೇಳಿಕೊಳ್ಳಲೂಬಹುದಿತ್ತು.

"ಫೋಟೋ ಇಲ್ಲಮ್ಮ. ನಾವು ಹಡಗಿಗೆ ಹೋಗಿರ್ಲಿಲ್ಲ. ಕೊರೊನಾಕ್ಕೆ ಅದು ಹೊರಡ್ಲೇ ಇಲ್ಲ. ಮರ್ಯಾದೆಗೆ ಹೆದರಿ, ಹೋಗಿದ್ದೀವಿ ಅಂತ ಮನೇಲಿ ಕೂತು ಬರೆದೆ. ತಪ್ಪಾಯ್ತು."

ಅವರು ಬೈಯಲಿ ಎಂದು ಅವನು ಕಾದ. ಬೈದಿದ್ದರೆ ಹಗುರವಾಗುತ್ತಿತ್ತು.

"ಅವರಿಗೆ ಇದು ಗೊತ್ತಿತ್ತೇನ್ರೀ?" ಎಂದು ಕೇಳಿದರು ವಿಜಯಮ್ಮ.

"ಇಲ್ಲಮ್ಮ. ಪೂರ್ತಿ ನಂಬಿದ್ರು."



"ಹಂಗಾದ್ರ ಆ ಹಡಗಿನಾಗ ಹೋಗಿದ್ದು ನಮ್ಮೋರೊಬ್ರೇ ಅನ್ರಿ."

"ಹೌದಮ್ಮ," ಎಂದ ಅಕ್ಬರ್. "ಅವರೊಬ್ರೇ."