ಹಳದಿ ಮೂಲೆಯ ಮುಖ

ನಾನು ಒಂದು ಜಾಹೀರಾತಿನ ಚಿತ್ರ. ಈಗ ಎರಡು ಅಂಗೈಯಷ್ಟು ಉಳಿದಿದ್ದೇನೆ. ಹುಟ್ಟಿದಾಗ ಬಾಗಿಲಿನಷ್ಟು ಎತ್ತರವಿದ್ದೆ.

ಹುಟ್ಟಿದ್ದು ಪ್ಯಾರಿಸ್ಸಿನ ಒಂದು ಕಲ್ಲಚ್ಚಿನ ಮನೆಯಲ್ಲಿ. ಅಲ್ಲಿ ನಯವಾದ ಕಲ್ಲಿನ ಮೇಲೆ ಚಿತ್ರ ಬರೆದು ಕಾಗದಕ್ಕೆ ಒತ್ತುತ್ತಿದ್ದರು. ಕೆಲಸ ಮುಗಿದ ಮೇಲೆ ಮರಳು, ನೀರು ಹಾಕಿ ಕಲ್ಲನ್ನು ಉಜ್ಜಿ, ಹಳೆಯ ಚಿತ್ರ ಅಳಿಸಿ, ಹೊಸದನ್ನು ಬರೆಯುವುದು. ಉಜ್ಜುವವನ ಹೆಸರು ಲ್ಯೂಸಿಯೆನ್. ನನಗಾಗಿ ತಂದ ಕಲ್ಲಿನ ಮೇಲೆ ಹಿಂದಿನ ಜಾಹೀರಾತಿನ ಚಿತ್ರವಿತ್ತು, ಬಿಸ್ಕತ್ತು ಕಚ್ಚುವ ಒಬ್ಬ ಹುಡುಗಿ. ಅವನದೇ ಮಗಳು, ಓಡೆಟ್. ಚಿತ್ರಗಾರನ ಮುಂದೆ ಕೂತು ಬರೆಸಿಕೊಂಡವಳು ಆ ಚಳಿಗಾಲದಲ್ಲೇ ಜ್ವರ ಬಂದು ತೀರಿಕೊಂಡಿದ್ದಳು. ಲ್ಯೂಸಿಯೆನ್ ಬಿಸ್ಕತ್ತು ಉಜ್ಜಿದ, ಕೈ ಉಜ್ಜಿದ, ಲಂಗ ಉಜ್ಜಿದ. ಮುಖಕ್ಕೆ ಬಂದಾಗ ಕೈ ಏಳಲಿಲ್ಲ. ಸುಮ್ಮನೆ ನೀರು ಸುರಿದು, ಆಯಿತು ಎಂದ.

ಆ ಕಲ್ಲಿನಿಂದ ನಾನು ಬಂದೆ. ಕೆಂಪು ಉಡುಪಿನ ಹೆಂಗಸು, ಅವಳ ಕೈಯಲ್ಲಿ ಲಾಟೀನು, ಕೆಳಗೆ ದೀಪದೆಣ್ಣೆಯ ಹೆಸರಿನ ದಪ್ಪ ಅಕ್ಷರಗಳು. ಮೇಲಿನ ಹಳದಿ ಮೂಲೆಯಲ್ಲಿ ಯಾರೂ ಬರೆಯದ ಒಂದು ಮಸುಕು ಮುಖ. ಹಡಗು ಹತ್ತಿ, ಮಲಬಾರಿನಲ್ಲಿ ಫ್ರೆಂಚರ ಕೈಯಲ್ಲಿದ್ದ ಮಾಹೆ ಎಂಬ ಊರಿನ ಒಬ್ಬ ಎಣ್ಣೆ ವ್ಯಾಪಾರಿಯ ಕೈಗೆ ಬಂದೆ. ಅಂಟಿಸಲೆಂದು ಬಿಡಿಸಿದವನು ಆ ಮುಖ ಕಂಡು ಬೆಚ್ಚಿ, ಸುರುಳಿ ಸುತ್ತಿ ಅಟ್ಟಕ್ಕೆಸೆದ. ಅರುವತ್ತು ವರ್ಷ ಕತ್ತಲಲ್ಲಿ ನಾವಿಬ್ಬರೇ, ನಾನು ಮತ್ತು ಅವಳು.

ಕೊನೆಗೆ ಮಂಗಳೂರಿನ ಪ್ರೊಫೆಸರ್ ಸಾಲಿಯಾನರು ನನ್ನನ್ನು ಹುಡುಕಿ ತೆಗೆದು, ಫೋಟೋಗಳಿಗೆ ಕಟ್ಟು ಹಾಕುವ ವಾಮನ ಆಚಾರ್ರ ಅಂಗಡಿಗೆ ತಂದರು.

"ಆಚಾರ್ರೇ, ಜಾಹೀರಾತು ಅಂತ ಸಸಾರ ಮಾಡ್ಬೇಡಿ. ಇಂಥದ್ದನ್ನು ಫ್ರಾನ್ಸಿನಲ್ಲಿ ಮ್ಯೂಸಿಯಮ್ಮಿನಲ್ಲಿ ಇಡ್ತಾರೆ. ಆ ಮೂಲೆಯ ಕೊಳೆ ಒಂದು ಹೋಗ್ಬೇಕು, ನೋಡಿ."

"ಹೋಗ್ತದೆ ಸರ್. ಎಂಥ ಮಹಾ."

ಆಚಾರ್ರು ಒಣ ಬ್ರೆಡ್ಡಿನ ತಿರುಳಿನಿಂದ ಮೆಲ್ಲಗೆ ಉಜ್ಜಿದರು. ಅಟ್ಟದ ಧೂಳು ಹೋಯಿತು, ಹೊಗೆ ಹೋಯಿತು. ಉಜ್ಜಿದಷ್ಟೂ ಮುಖ ಸ್ಪಷ್ಟವಾಯಿತು! ಹುಬ್ಬು ಬಂತು, ತುಟಿ ಬಂತು. ಊಟ ತಂದ ಹೆಂಡತಿ ಗಿರಿಜಮ್ಮನ ಕೈಯಿಂದ ಬುತ್ತಿ ಜಾರಿತು.

"ಇವಳು ನಮ್ಮ ಸುಮನ ಅಲ್ವಾ?"

ಊರಿನ ಸತ್ತವರ ಫೋಟೋಗಳಿಗೆಲ್ಲ ಗಾಜು ಹಾಕಿ ಕೊಟ್ಟ ಮನೆ ಅದು. ಒಂಬತ್ತು ವರ್ಷಕ್ಕೇ ತೀರಿಹೋದ ಅವರ ಮಗಳು ಸುಮನಳದ್ದು ಮಾತ್ರ ಒಂದು ಫೋಟೋ ಇರಲಿಲ್ಲ. ನಾಳೆ ತೆಗೆಸಿದರಾಯಿತು ಎಂದು ಆಚಾರ್ರು ದಿನ ದೂಡಿದ್ದರು.

"ಹುಚ್ಚು ಮಾತಾಡ್ಬೇಡ. ಯಾರದ್ದೋ ಕಾಗದ ಅದು," ಎಂದರು ಆಚಾರ್ರು. ಬ್ರೆಡ್ಡಿನ ತುಂಡನ್ನು ಮಾತ್ರ ಕೆಳಗಿಟ್ಟರು.

"ಯಾರದ್ದಾದ್ರೂ ಆಗ್ಲಿ. ಉಜ್ಜಿ ಹೋಗ್ಲಿಲ್ಲ ಅಂತ ಅದನ್ನು ಮುಚ್ಚಲಿಕ್ಕೆ ಬಣ್ಣ ಬಳಿಯುವುದಾದ್ರೆ ನಾನು ಈ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ."

ಮೂವತ್ತು ವರ್ಷದಲ್ಲಿ ಒಬ್ಬರ ಚಿತ್ರಕ್ಕೂ ಕತ್ತರಿ ಇಡದ ಮನುಷ್ಯ ಅವರು. ಆ ಮಧ್ಯಾಹ್ನ ಬಾಗಿಲು ಅರ್ಧ ಎಳೆದು, ಅಳತೆಪಟ್ಟಿ ಇಟ್ಟು, ನನ್ನ ಮೂಲೆಯನ್ನು ಕೊಯ್ದರು. ನೋವಾಯಿತೇ? ಗೊತ್ತಿಲ್ಲ. ಉಸಿರು ಯಾವ ತುಂಡಿನಲ್ಲಿ ಉಳಿಯಿತೆಂದು ತಿಳಿಯಲು ನನಗೇ ಎರಡು ದಿನ ಹಿಡಿಯಿತು.

ಪ್ರೊಫೆಸರರು ನೋಡಿ ತಲೆ ಹಿಡಿದುಕೊಂಡರು. "ಕೊಯ್ದು ಹಾಕಿದ್ರಲ್ಲ ಮಾರಾಯ್ರೇ! ಚಿತ್ರವನ್ನು ಕೊಂದ್ರಲ್ಲ!"

"ಕೊಳೆ ಹೋಗ್ಲಿಲ್ಲ ಸರ್. ತಪ್ಪಾಯ್ತು." ಅಷ್ಟೇ. ಉಳಿದ ದೊಡ್ಡ ತುಂಡನ್ನು ಸುತ್ತಿಕೊಂಡು ಹೋದ ಪ್ರೊಫೆಸರರು ಮತ್ತೆ ಆ ಬೀದಿಗೆ ಬರಲಿಲ್ಲ.

ಅಂದಿನಿಂದ ನಾನು ಗಾಜಿನ ಕಟ್ಟಿನೊಳಗೆ ಆಚಾರ್ರ ಅಡುಗೆಮನೆಯ ಗೋಡೆಯಲ್ಲಿದ್ದೇನೆ. ದಿನಾ ಒಂದು ಮಲ್ಲಿಗೆ ಹೂ, ಸುಮನಳ ಹುಟ್ಟಿದ ದಿನಕ್ಕೆ ಪಾಯಸ. ಆಚಾರ್ರು ನನ್ನ ಕಡೆ ಒಮ್ಮೆಯೂ ನೇರವಾಗಿ ನೋಡದೆ ತೀರಿಹೋದರು. ಈಗ ಹಳದಿ ಮಾಸುತ್ತಿದೆ, ಕಾಗದ ಕಂದುತ್ತಿದೆ. ಒಂದು ಕೆನ್ನೆ ಆಗಲೇ ಹೋಗಿದೆ. ಆದರೂ ನನ್ನೊಳಗಿನ ಹುಡುಗಿ ನಿದ್ದೆ ಮಾಡುವುದಿಲ್ಲ. ಗಿರಿಜಮ್ಮ ಕರೆಯುವ ಬೇರೆಯವಳ ಹೆಸರಿಗೆ ಅವಳು ಮಿಸುಕುವುದು ನನಗೆ ತಿಳಿಯುತ್ತದೆ.

ಮೊನ್ನೆ ಗಿರಿಜಮ್ಮ ಹೂವಿಟ್ಟು, ಗಾಜಿಗೆ ಹಣೆ ತಾಗಿಸಿ ನಿಂತರು.

"ನೀನು ಸುಮನ ಅಲ್ಲ. ನನಗೆ ಮೊದಲೇ ಗೊತ್ತುಂಟು ಮಗಾ. ಅವಳ ಮೂಗು ಹೀಗಿರ್ಲಿಲ್ಲ. ಇಷ್ಟು ವರ್ಷ ನನ್ನ ಮಗಳ ಹೆಸರಿಗೆ ಓಗೊಟ್ಟೆ, ಪಾಪ. ನಿನ್ನ ಹೆಸರೆಂಥ, ಹೇಳು?"

ಓಡೆಟ್. ಮೂರೇ ಅಕ್ಷರ. ನನಗೆ ಗೊತ್ತು. ಆದರೆ ನನ್ನ ಅಕ್ಷರಗಳೆಲ್ಲ ಆ ದೊಡ್ಡ ತುಂಡಿನ ಜೊತೆ ಹೋಗಿಬಿಟ್ಟಿವೆ.

ಗಿರಿಜಮ್ಮ ಇನ್ನೂ ಕಾಯುತ್ತ ನಿಂತಿದ್ದರು.