ಮತ್ತೊಮ್ಮೆ ಕೇಳಾಕ ಒಂದು ಒತ್ರಿ

ವಿದ್ಯಾವತಿಯ ದನಿಯಲ್ಲಿ ಬರುವ ಮಾತು ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರಿಗೆಲ್ಲ ಬಾಯಿಪಾಠ. "ನಮಸ್ಕಾರ್ರಿ. ಇವತ್ತ ಸಂಜಿಕೆ ಮಳಿ ಬರೂ ಲಕ್ಷಣ ಐತಿ. ಒಣದ್ರಾಕ್ಷಿ ಮ್ಯಾಲೆ ತಾಡಪತ್ರಿ ಹೊಚ್ರಿ. ಮತ್ತೊಮ್ಮೆ ಕೇಳಾಕ ಒಂದು ಒತ್ರಿ." ಮೋಡ ಕವಿದಾಗಲೆಲ್ಲ ಅವಳು ದುಡಿಯುವ ಕಂಪನಿಯ ಯಂತ್ರ ರೈತರಿಗೆ ಫೋನು ಹಚ್ಚಿ, ಮುದ್ರಿಸಿಟ್ಟ ಈ ಮಾತನ್ನು ಕೇಳಿಸುತ್ತದೆ. ಶಹರದ ಜಲನಗರದ ಮನೆಯೊಂದರ ಮಾಳಿಗೆಯ ಮೇಲೆ ಹುಟ್ಟಿದ ಆ ಕಂಪನಿ ನೋಡನೋಡುತ್ತ ಸಾಂಗಲಿ, ಸೊಲ್ಲಾಪುರದವರೆಗೂ ಬೆಳೆದುಬಿಟ್ಟಿತು. ಕಂಪನಿ ಬೆಳೆಯುವುದೆಂದರೆ ಮೂವರ ಕೆಲಸ ಒಬ್ಬಳ ತಲೆಗೆ ಬರುವುದು, ಜೊತೆಗೊಂದು ದೊಡ್ಡ ಹುದ್ದೆಯ ಹೆಸರು.

ನಾಲ್ಕು ವರ್ಷದ ಮಗ ಚೇತನಕುಮಾರನನ್ನು ಈ ಸುಗ್ಗಿ ಮುಗಿಯುವವರೆಗೆ ಎಂದು ತಿಕೋಟಾದ ತವರಿನಲ್ಲಿ ಬಿಟ್ಟಿದ್ದಳು. ಬಸ್ಸು ಹತ್ತಿದರೆ ಗಂಟೆಯೂ ಹಿಡಿಯದ ದಾರಿ. ರವಿವಾರಗಳು ಬಂದವು, ಹೋದವು, ಇವಳು ಹೋಗಲಿಲ್ಲ. ಗಂಡ ಸಂಗನಬಸವನಿಗೆ ಗಾಂಧಿ ಚೌಕದಲ್ಲಿ ಅಂಗಡಿ. ಮಗನನ್ನು ಎಲ್ಲಿ ಬಿಟ್ಟೆಯಪ್ಪಾ ಎಂದು ಅವನನ್ನು ಒಬ್ಬರೂ ಕೇಳಲಿಲ್ಲ. ಕೇಳಿದವರೆಲ್ಲ ಇವಳನ್ನೇ ಕೇಳಿದರು. ಕರುಳು ಚುರುಕ್ಕೆನ್ನುತ್ತಿತ್ತು, ಆದರೆ ಕೈಯಾರೆ ಕಟ್ಟಿದ ಕೆಲಸ ಬಿಡಲು ಮನಸ್ಸು ಒಪ್ಪಬೇಕಲ್ಲ.

ಅವತ್ತು ಮಧ್ಯಾಹ್ನವೇ ಮುಗಿಲು ಕಪ್ಪಿಟ್ಟಿತು. ಯಂತ್ರ ಫೋನು ಹಚ್ಚತೊಡಗಿತು. ಅರ್ಧಕ್ಕೇ ನಿಂತಿತು. ಯಂತ್ರ ನೋಡಿಕೊಳ್ಳುವ ಸೈಫುದ್ದೀನ ಓಡಿಬಂದ.

"ಮೇಡಂ, ತಿಕೋಟಾದ ಒಂದ ನಂಬರ್ ಲೈನ್ ಬಿಡವಲ್ದರಿ. ಒಂದು ಒತ್ತತಾರ, ಕೇಳತಾರ, ಮತ್ತ ಒತ್ತತಾರ. ಮೋಡ ಆದಾಗೊಮ್ಮೆ ಇದ ಹಣೇಬಾರ. ಆ ಊರಿಂದು ಮುಗಿಯೂತನಕ ಬಬಲೇಶ್ವರಕ್ಕ ಫೋನ್ ಹೋಗೂದಿಲ್ಲ. ಆ ನಂಬರ್ ಬಂದ್ ಮಾಡ್ಲೇನ್ರಿ?"

ವಿದ್ಯಾವತಿ ನಂಬರು ನೋಡಿದಳು. ಅವಳ ಅಪ್ಪ ಬಸಗೊಂಡಪ್ಪನದು. ಗಾಬರಿಯಾಗಿ ತಾಯಿ ಕಾಳವ್ವನ ಫೋನಿಗೆ ಹಚ್ಚಿದಳು.

"ಯವ್ವಾ, ಅಪ್ಪನ ಫೋನ್ ಯಾರ ಕೈಯಾಗೈತಿ?"

"ನಿನ್ನ ಮಗನ ಕೈಯಾಗ. ಮೋಡ ಕಂಡ್ರ ಸಾಕು, ನಮ್ಮವ್ವ ಮಾತಾಡತಾಳ ಅಂತ ಫೋನ್ ಹಿಡಕೊಂಡು ಕುಂದರತಾನ. ಕಸಗೊಂಡ್ರ ಉಣ್ಣೂದಿಲ್ಲ. ನೀ ಮೊದಲ ಗದ್ದಲದಾಗ ಇರ್ತಿ, ಅದಕ್ಕ ಹೇಳಲಿಲ್ಲ."

ಕಿಟಕಿಯಾಚೆ ಗುಡುಗಿತು. ಬಬಲೇಶ್ವರದಲ್ಲಿ ಎಷ್ಟು ಮನೆಗಳ ವರ್ಷದ ದುಡಿಮೆ ಬಯಲಲ್ಲಿ ಒಣಗುತ್ತಿತ್ತೋ. ಎದುರಿಗೆ ನಿಂತಿದ್ದ ಸೈಫುದ್ದೀನನಿಗೆ, "ಬಂದ್ ಮಾಡ್ರಿ," ಎಂದಳು. ಬೇರೆ ಏನು ಹೇಳಬಹುದಿತ್ತು?

"ಯವ್ವಾ, ನಿನ್ನ ಫೋನ್ ಅವನ ಕೈಯಾಗ ಕೊಡು," ಎಂದಳು ತಾಯಿಗೆ.

"ಚೇತೂ, ನಾನಪಾ, ಅವ್ವ. ಉಂಡಿ?"

"ಹ್ಞೂಂ."

"ಶಾಣ್ಯಾ ಇದ್ದಿ. ಈಗ ಇಡ್ತೀನಿ ಕಂದಾ. ಆಮ್ಯಾಲೆ ಮಾತಾಡ್ತೀನಿ."

ಅವಳ ಕಿವಿಯಲ್ಲಿ ಟೊಂಯ್ ಎಂದಿತು. ಮತ್ತೊಮ್ಮೆ ಟೊಂಯ್. ಹುಡುಗ ಅಜ್ಜಿಯ ಫೋನಿನ ಗುಂಡಿ ಒತ್ತುತ್ತಿದ್ದ.

"ಅವ್ವಾ, ಒಂದು ಒತ್ತೇನಿ. ಮತ್ತ ಮಾತಾಡು."

ಒಳಗಿನ ಕೋಣೆಯಿಂದ ಯಾರೋ "ಮೇಡಂ, ಲಗೂನ ಬರ್ರಿ," ಎಂದು ಕೂಗಿದರು. ವಿದ್ಯಾವತಿಗೆ ಮಗನಿಗೆ ಹೇಳಲು ತನ್ನದೆನ್ನುವ ಒಂದು ಮಾತೂ ಹೊಳೆಯಲಿಲ್ಲ. ಕಣ್ಣು ಒರೆಸಿಕೊಂಡು, "ನಮಸ್ಕಾರ್ರಿ," ಎಂದಳು. ಅತ್ತ ಹುಡುಗ ಕಿಲಕಿಲ ನಕ್ಕ. "ಇವತ್ತ ಸಂಜಿಕೆ ಮಳಿ ಬರೂ ಲಕ್ಷಣ ಐತಿ. ಒಣದ್ರಾಕ್ಷಿ ಮ್ಯಾಲೆ ತಾಡಪತ್ರಿ ಹೊಚ್ರಿ."

ಕೊನೆಯ ಮಾತೊಂದು ಉಳಿದಿತ್ತು. ಹುಡುಗ ಅದಕ್ಕಾಗಿ ಕಾಯುತ್ತಿದ್ದ. ಅದನ್ನು ಹೇಳದೆ ಅವಳು ಫೋನು ಇಟ್ಟಳು.