ಡಬ್ಬದಕ್ಕನ ಹೆಬ್ಬೆರಳು

ನನ್ನ ನೆನಪು ಕೈಕೊಟ್ಟಿದೆ ಎಂದು ಬೆನ್ನ ಹಿಂದೆ ಆಡಿಕೊಳ್ಳುವ ಮನೆಯವರೆಲ್ಲ ಮೊದಲು ಈ ವಾಯ್ಸ್ ನೋಟು ಕಿವಿ ಕೊಟ್ಟು ಕೇಳಿ. ನಿಮ್ಮಲ್ಲಿ ಅರ್ಧ ಜನ ಬೆಳಿಗ್ಗೆ ಏನು ತಿಂದಿರಿ ಎಂದು ಕೇಳಿದರೆ ಹೆಂಡತಿಯ ಮುಖ ನೋಡುತ್ತೀರಿ. ನಾನು ಮೂವತ್ತೊಂದು ವರ್ಷ ನೀರಿನ ಪಂಪು ಬಿಚ್ಚಿ ಜೋಡಿಸಿದವನು. ಯಾವ ತಿರುಪು ಯಾವ ತೂತಿನದು ಎಂದು ಮರೆತಿದ್ದರೆ ಬೀದಿಗೆ ನೀರು ಬರುತ್ತಿರಲಿಲ್ಲ. ಹೋದ ಸಲ ಈ ಕಥೆಯಲ್ಲಿ ಐದು ಜನ ಇದ್ದರು, ಈಗ ನಾಲ್ಕು ಅನ್ನುತ್ತಾನೆ ಮುದುಕ ಅಂತ ತಪ್ಪು ಹುಡುಕಬೇಡಿ. ಐದನೆಯವನು ಎರಡೇ ಸಲ ಬಂದ, ಆಮೇಲೆ ಬರುವುದನ್ನೇ ಬಿಟ್ಟ. ಬಂದಾಗಲೂ ನಿದ್ದೆ ಮಾಡುತ್ತಿದ್ದ.

ನಾಲ್ಕು ಜನ ಯಾರೆಂದರೆ ಪಂಪಿನ ನಾನು, ಪ್ರಿಂಟಿಂಗ್ ಪ್ರೆಸ್ಸಿನವನು, ಒಬ್ಬ ಬಡಗಿ, ಮತ್ತೆ ಚಪ್ಪಲಿ ಅಂಗಡಿಗಳಿಗೆ ರಟ್ಟಿನ ಡಬ್ಬ ಮಾಡಿಸಿ ಕೊಡುತ್ತಿದ್ದ ಹೆಂಗಸು. ಅವಳನ್ನು ಬೀದಿಯೆಲ್ಲ ಡಬ್ಬದಕ್ಕ ಎನ್ನುತ್ತಿತ್ತು. ಒಂದೇ ಬೀದಿ, ಎಲ್ಲರಿಗೂ ಒಂದೇ ಕಾಯಿಲೆ. ಅಂಗಡಿ ನಮ್ಮದು ಅಂದುಕೊಂಡಿದ್ದೆವು, ನೋಡಿದರೆ ನಾವೇ ಅಂಗಡಿಯ ಸೊತ್ತಾಗಿದ್ದೆವು. ಅದಕ್ಕೇ ತಿಂಗಳ ಮೊದಲ ಮಂಗಳವಾರ ಮಧ್ಯಾಹ್ನ ಒಬ್ಬರ ಜಾಗದಲ್ಲಿ ಸೇರಿ ಒಬ್ಬರ ಕಷ್ಟ ಕೇಳುತ್ತಿದ್ದೆವು. ನಿಯಮ ಒಂದೇ. ನೀನು ಹೀಗೆ ಮಾಡು ಎನ್ನುವಂತಿಲ್ಲ. ನಾನು ಹೀಗೆ ಮಾಡಿದೆ, ಹೀಗಾಯಿತು ಎಂದಷ್ಟೇ ಹೇಳಬೇಕು. ಬುದ್ಧಿ ಹೇಳಲು ಹೋದವನು ಅವತ್ತಿನ ಚಹಾ ಲೋಟ ತೊಳೆಯಬೇಕು. ಪ್ರೆಸ್ಸಿನವನು ಎಷ್ಟು ಲೋಟ ತೊಳೆದನೆಂದರೆ ಅವನ ಉಗುರಿನ ಮಸಿ ಕೂಡ ಹೋಯಿತು.

ನಗಬೇಡಿ, ಅದರಿಂದ ಉಪಯೋಗ ಆಗಿದೆ. ಬಡಗಿ ಹದಿನೇಳು ವರ್ಷದ ಮೇಲೆ ಭಾನುವಾರ ಬಾಗಿಲು ಹಾಕಲು ಕಲಿತ. ಊಟದ ಹೊತ್ತಿಗೆ ಕರೆದವರಿಗೆ ಆಮೇಲೆ ಬರುತ್ತೇನೆ ಎನ್ನಲು ನಾನು ಕಲಿತೆ. ಡಬ್ಬದಕ್ಕ ಮಾತ್ರ ಏನೂ ಕಲಿಯಲಿಲ್ಲ.

ಅವಳ ಹತ್ತಿರ ಏಳು ಜನ ಕೆಲಸದವರಿದ್ದರು. ಜೊತೆಗೆ ತೀರಿಹೋದ ಗಂಡನ ತಂಗಿ, ಒಂಬತ್ತು ವರ್ಷದಿಂದ ಅಂಟು ಬಳಿಯುತ್ತಿದ್ದ ನಾದಿನಿ. ಇಷ್ಟು ಜನ ಮಾಡಿದ ಪ್ರತಿ ಡಬ್ಬದ ನಾಲ್ಕೂ ಮೂಲೆಯನ್ನು ಅಕ್ಕ ತಾನೇ ಹೆಬ್ಬೆರಳಿನಿಂದ ಒತ್ತಬೇಕು. ಅವಳ ಬೆರಳು ಮುಟ್ಟದ ಡಬ್ಬ ಹೊರಗೆ ಹೋಗುವಂತಿಲ್ಲ. ದಿನಕ್ಕೆ ಆರುನೂರು ಡಬ್ಬ. ನೀವೇ ಗುಣಿಸಿಕೊಳ್ಳಿ. ಕೊನೆಗೆ ಬೆರಳು ಮರಗಟ್ಟಿತು. ಮಣಿಕಟ್ಟಿನಲ್ಲಿ ನರ ಸಿಕ್ಕಿಕೊಂಡಿದೆ, ಆಪರೇಷನ್ ಆಗಬೇಕು, ಆರು ವಾರ ಕೈಗೆ ಕೆಲಸ ಕೊಡಬಾರದು, ತಡ ಮಾಡಿದರೆ ಹಿಡಿತವೇ ಹೋಗುತ್ತದೆ ಎಂದರು ಡಾಕ್ಟರು. ಎರಡು ಸಲ ದಿನ ಗೊತ್ತಾಯಿತು, ಎರಡು ಸಲವೂ ಹೋಗಲಿಲ್ಲ. ನಾನಿಲ್ಲದಿದ್ದರೆ ಆರು ವಾರದಲ್ಲಿ ಬಾಗಿಲು ಹಾಕಬೇಕಾಗುತ್ತದೆ ಎನ್ನುವಳು. ಲೋಟ ಎತ್ತಿದರೆ ಕೈಯಿಂದ ಜಾರುತ್ತಿತ್ತು.

ಆಗ ಬಡಗಿ ತಾನು ಮಾಡಿದ್ದನ್ನು ಹೇಳಿದ. ಒಂದು ದಿನ ತನ್ನ ಅಂಗಡಿ ಬಿಟ್ಟು ನನ್ನ ಅಂಗಡಿಯಲ್ಲಿ ಸುಮ್ಮನೆ ಕೂತಿದ್ದ. ಸಂಜೆ ಹೋಗಿ ನೋಡಿದರೆ ಅಲ್ಲಿ ಆಕಾಶವೇನೂ ಬಿದ್ದಿರಲಿಲ್ಲ. ಅಕ್ಕನೂ ಒಪ್ಪಿದಳು. ಮುಂದಿನ ಗುರುವಾರ ಬೆಳಿಗ್ಗೆ ಫೋನು ಮನೆಯಲ್ಲೇ ಬಿಟ್ಟು ಬಂದು ನನ್ನ ಸ್ಟೂಲಿನ ಮೇಲೆ ಕೂತಳು. ಹತ್ತು ನಿಮಿಷಕ್ಕೊಮ್ಮೆ ಬಾಗಿಲು ನೋಡುವಳು. ಮಾಡಲು ಕೆಲಸವಿಲ್ಲದೆ ನನ್ನ ವಾಷರುಗಳನ್ನೆಲ್ಲ ದೊಡ್ಡದು ಚಿಕ್ಕದು ಎಂದು ಬೇರೆ ಮಾಡಿಟ್ಟಳು. ಆಮೇಲೆ ವಾರಗಟ್ಟಲೆ ನನಗೆ ಒಂದೂ ಕೈಗೆ ಸಿಗಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಸ್ವಂತ ಅಂಗಡಿ ಇರುವವನಿಗೆ ಒಂದು ಚಟ. ಯಜಮಾನನಿಲ್ಲದ ಜಾಗ ಕಂಡರೆ ತಾನೇ ಯಜಮಾನನಾಗುವುದು. ಅದೇ ಗುರುವಾರ ಪ್ರೆಸ್ಸಿನವನೂ ಬಡಗಿಯೂ ಪಾಪ ಅಕ್ಕನಿಗೆ ಸಹಾಯವಾಗಲಿ ಎಂದು ಹೇಳದೆ ಕೇಳದೆ ಅವಳ ಶೆಡ್ಡಿಗೆ ಹೋದರು. ಮೇಜು ತಿರುಗಿಸಿಟ್ಟರು. ಅಕ್ಕನ ಬದಲಿಗೆ ನಾವು ಒತ್ತುತ್ತೇವೆ ಎಂದು ಹಸಿ ಅಂಟಿನ ಮೇಲೇ ನಾಲ್ಕು ಹೆಬ್ಬೆರಳು ಊರಿದರು. ಹಸಿ ಅಂಟು ಒತ್ತಿದರೆ ರಟ್ಟು ಜಾರುತ್ತದೆ. ಊಟದ ಹೊತ್ತಿಗೆ ಇನ್ನೂರು ಡಬ್ಬ ಸೊಟ್ಟಗಾಗಿ ಮುಚ್ಚಳ ಕೂರದೆ ಹೋಯಿತು. ಚಪ್ಪಲಿ ಅಂಗಡಿಯ ಗಾಡಿ ಸಂಜೆ ಆರಕ್ಕೆ ಬರುವುದಿತ್ತು.

ನಾದಿನಿ ಅಲ್ಲಿಯವರೆಗೆ ತುಟಿ ಬಿಚ್ಚಿರಲಿಲ್ಲ. ಈಗ ಇಬ್ಬರ ಕೈಗೂ ಒದ್ದೆ ಬಟ್ಟೆ ಕೊಟ್ಟು, ಅಂಟು ಒರೆಸ್ಕೊಂಡು ನಿಮ್ಮ ನಿಮ್ಮ ಅಂಗಡಿಗೆ ಹೊರಡಿ ಅಣ್ಣಂದಿರಾ ಎಂದಳಂತೆ. ಮೇಜು ಮೊದಲಿನ ಹಾಗೆ ತಿರುಗಿಸಿದಳು. ಹೊಸ ರಟ್ಟು ಕತ್ತರಿಸಿ, ಅಂಟು ಹಚ್ಚಿ, ಯಾರೂ ಮುಟ್ಟದ ಹಾಗೆ ನಲವತ್ತು ನಲವತ್ತು ಡಬ್ಬ ಜೋಡಿಸಿ, ದಿನದ ಹಾಗೇ ಮೇಲೆ ಹಲಗೆಯಿಟ್ಟು ಅದರ ಮೇಲೆ ಕಲ್ಲು ಹೇರಿದಳು. ಗಾಡಿ ಬಂದಾಗ ಎಲ್ಲ ಕಟ್ಟಿ ಬಾಗಿಲಲ್ಲಿತ್ತು.

ಮರುದಿನವೇ ತುರ್ತಾಗಿ ಸೇರಿದೆವು. ಇಬ್ಬರೂ ತಪ್ಪು ಒಪ್ಪಿಕೊಂಡು ತಲೆ ತಗ್ಗಿಸಿ ಕೂತಿದ್ದರು. ನಾದಿನಿಯನ್ನೂ ಕರೆದಿದ್ದೆವು.

ಅಕ್ಕ ಕೇಳಿದಳು, “ನಾನು ಒತ್ತದೇನೇ ಮೂಲೆ ನಿಂತ್ಕೊಳ್ತಾ?”

“ಕಲ್ಲು ಇಳಿಸಿದ ಮೇಲೆ ತಾನೇ ನೀವು ಒತ್ತೋದು ಅತ್ತಿಗೆ? ಅಷ್ಟೊತ್ತಿಗೆ ಒಣಗಿರುತ್ತೆ. ಒತ್ತಿದ್ರೂ ಅಷ್ಟೇ, ಬಿಟ್ರೂ ಅಷ್ಟೇ.”

“ಇಷ್ಟು ವರ್ಷ ಯಾಕೇ ಹೇಳ್ಲಿಲ್ಲ?”

“ನೀವು ಕೇಳ್ಲಿಲ್ಲ.”

ಅಕ್ಕ ತನ್ನ ಕೈಯನ್ನೇ ನೋಡುತ್ತ ಕೂತಳು. ಆ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. ದಣಿವಿತ್ತು. ಆಮೇಲೆ, ಹಾಗಾದರೆ ಆರು ವಾರ ನೀನೇ ನೋಡಿಕೋ ಎಂದಳು.

“ಆರು ವಾರ ಯಜಮಾನಿ, ಏಳನೇ ವಾರ ಮತ್ತೆ ಅಂಟಿನ ಬಕೆಟ್ ಹತ್ರ ಕೂರೋದಾ?” ಎಂದಳು ನಾದಿನಿ. “ಅದು ನನ್ ಕೈಲಾಗಲ್ಲ ಅತ್ತಿಗೆ. ಪಾಲು ಕೊಡಿ, ಇರ್ತೀನಿ. ಇಲ್ಲಾಂದ್ರೆ ಬೇರೆ ಕಡೆ ಕೆಲಸ ನೋಡಿದೀನಿ.”

ಅಕ್ಕ ನನ್ನ ಕಡೆ ತಿರುಗಿದಳು. ಕೊಡು ಎನ್ನುವಂತಿಲ್ಲ, ಬೇಡ ಎನ್ನುವಂತಿಲ್ಲ. ನನ್ನದನ್ನಷ್ಟೇ ಹೇಳಬೇಕು. ಅದನ್ನು ನಾನು ಯಾವ ಮಂಗಳವಾರವೂ ಹೇಳಿರಲಿಲ್ಲ.

“ನನ್ ತಮ್ಮನೂ ಪಾಲು ಕೇಳಿದ್ದ,” ಎಂದೆ. “ನೋಡೋಣ ಅಂದೆ. ಆರು ವರ್ಷ ನೋಡೋಣ ಅಂದೆ. ಒಂದು ದಿನ ಸ್ಪ್ಯಾನರೆಲ್ಲ ಒರೆಸಿಟ್ಟು ಹೊರಟೋದ. ಜಗಳಾನೂ ಆಡ್ಲಿಲ್ಲ. ಈಗ ನಂಗೆ ಜ್ವರ ಬಂದ್ರೆ ಅಂಗಡಿಗೂ ಜ್ವರ.”

ಪಾಲಿನ ಕಾಗದಪತ್ರ ಯಾರ ಹತ್ತಿರ ಮಾಡಿಸುವುದು ಎಂದು ಅಕ್ಕ ಕೇಳಿದಳು. ನಾದಿನಿ ಸೆರಗಿನಿಂದ ಮುಖ ಒರೆಸಿಕೊಂಡಳು, ಬೆವರೋ ಏನೋ.

ಅದೇ ತಿಂಗಳು ಆಪರೇಷನ್ ಆಯಿತು. ಬೆರಳು ಮುಕ್ಕಾಲು ಪಾಲು ಸರಿಹೋಯಿತು, ಉಳಿದ ಕಾಲು ಪಾಲಿಗೆ ತಡವಾಗಿತ್ತು. ಹಳೆಯ ಗಿರಾಕಿಯೊಬ್ಬ ಕೈಬಿಟ್ಟ, ಹೊಸಬರಿಬ್ಬರು ಬಂದರು. ಅತ್ತಿಗೆ ನಾದಿನಿ ಇವತ್ತಿಗೂ ರಟ್ಟಿನ ದಪ್ಪಕ್ಕೆ ಜಗಳವಾಡುತ್ತಾರೆ. ಆದರೆ ಮಧ್ಯಾಹ್ನ ಒಬ್ಬಳು ಮಲಗಿದರೆ ಇನ್ನೊಬ್ಬಳು ಎದ್ದಿರುತ್ತಾಳೆ. ನಾನೂ ತಮ್ಮನಿಗೆ ಫೋನು ಮಾಡಿದೆ. ಅವನಿಗೆ ಸ್ವಂತ ಅಂಗಡಿಯಾಗಿ ನಾಲ್ಕು ವರ್ಷವಾಗಿತ್ತು. ಬಿಡುವಾದಾಗ ಬಾ ಅಣ್ಣ ಅಂದ. ಅವನಿಗೇ ಬಿಡುವಿರಲಿಲ್ಲ, ಗೊತ್ತಾಗುತ್ತಿತ್ತು.

ನಮ್ಮ ಮನೆತನದಲ್ಲಿ ಒಬ್ಬನಿದ್ದಾನೆ. ಎರಡು ಅಂಗಡಿ, ಒಂದು ಭಾನುವಾರವೂ ಇಲ್ಲ. ಯಾರೆಂದು ನಿಮಗೆಲ್ಲ ಗೊತ್ತು. ಮುದುಕನ ವಾಯ್ಸ್ ನೋಟು ಇಷ್ಟುದ್ದ ಕೇಳುವ ತಾಳ್ಮೆ ಅವನಿಗಿಲ್ಲ. ಇದನ್ನು ಅವನ ಹೆಂಡತಿಗೆ ಕಳಿಸಿ. ಅವನು ಊಟಕ್ಕೆ ಕೂತಾಗ ಹಾಕಿ ಕೇಳಿಸಲಿ.